ವಾಸ್ತುಶಿಲ್ಪದ ಕೆಲಸಕ್ಕೆ ಲ್ಯಾಪ್‌ಟಾಪ್: ಬೆಲೆ ವಿಚಾರಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ಬೆಂಗಳೂರು: ಮಗನನ್ನೋ ಮಗಳನ್ನೋ ವಾಸ್ತುಶಿಲ್ಪ ಪದವಿಗೆ ಸೇರಿಸಿದ ಮನೆಗಳಲ್ಲಿ ಶುಲ್ಕದ ಚಿಂತೆ ತೀರುವ ಮುನ್ನವೇ ಇನ್ನೊಂದು ದೊಡ್ಡ ಖರ್ಚು ಬಾಗಿಲು ತಟ್ಟುತ್ತದೆ. ಅದು ಲ್ಯಾಪ್‌ಟಾಪ್. ಸಾಮಾನ್ಯ ಕಚೇರಿ ಕೆಲಸದ ಯಂತ್ರ ಇಲ್ಲಿ ಸಾಲದು ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಅಂಗಡಿಯವರು ಕೆಂಪು ನೀಲಿ ದೀಪಗಳು ಮಿನುಗುವ ಗೇಮಿಂಗ್ ಯಂತ್ರವನ್ನು ಮುಂದಿಡುತ್ತಾರೆ. ಬೆಲೆ ಲಕ್ಷದ ಗಡಿಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ತಂದೆ ತಾಯಿಗಳ ಪಾಲಿಗೆ ಇದು ತಿಂಗಳುಗಟ್ಟಲೆ ಉಳಿಸಿದ ಹಣ, ಇಲ್ಲವೇ ಹೊಸದೊಂದು ಸಾಲದ ಕಂತು.

ಬಿ.ಆರ್ಕ್. ಪದವಿ ಐದು ವರ್ಷಗಳ, ಹತ್ತು ಸೆಮಿಸ್ಟರ್‌ಗಳ ವ್ಯಾಸಂಗ. ಕೊಂಡ ಯಂತ್ರ ಅಂತಿಮ ವರ್ಷದ ಪ್ರಬಂಧ ಯೋಜನೆಯವರೆಗೂ ಬಾಳಬೇಕು. ಆಯ್ಕೆ ತಪ್ಪಿದರೆ ಎರಡು ಬಗೆಯ ನಷ್ಟ ಕಾದಿರುತ್ತದೆ. ಶಕ್ತಿ ಸಾಲದ ಯಂತ್ರವಾದರೆ ಸಲ್ಲಿಕೆಯ ಹಿಂದಿನ ರಾತ್ರಿ ಚಿತ್ರ ಅರ್ಧಕ್ಕೆ ನಿಂತು ಹೋಗುತ್ತದೆ. ಬೇಡದ ಕಡೆ ಶಕ್ತಿ ತುಂಬಿದ ಯಂತ್ರವಾದರೆ ತೆತ್ತ ಹಣ ಬಳಕೆಗೇ ಬಾರದೆ ಉಳಿಯುತ್ತದೆ. ಎರಡನೆಯ ನಷ್ಟ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆ ಮಾತನಾಡುವವರು ಕಡಿಮೆ.

‘ಯಾವ ಲ್ಯಾಪ್‌ಟಾಪ್ ಒಳ್ಳೆಯದು?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆದರೆ ಮೊದಲು ಕೇಳಬೇಕಾದದ್ದು ಬೇರೆಯದೇ ಪ್ರಶ್ನೆ: ‘ಕೊನೆಯ ಚಿತ್ರವನ್ನು ಯಾವ ತಂತ್ರಾಂಶದಲ್ಲಿ ತಯಾರಿಸಲಾಗುತ್ತದೆ, ಆ ತಂತ್ರಾಂಶ ಯಂತ್ರದ ಯಾವ ಭಾಗವನ್ನು ದುಡಿಸುತ್ತದೆ?’ ಇದಕ್ಕೆ ಉತ್ತರ ಸಿಕ್ಕರೆ ಉಳಿದ ಆಯ್ಕೆ ಬಹುಪಾಲು ಸುಲಭವಾಗುತ್ತದೆ.

ಎರಡು ಕೆಲಸ, ಎರಡು ಬಗೆಯ ಹೊರೆ

ವಾಸ್ತುಶಿಲ್ಪಿಗಳು ಗಣಕದಲ್ಲಿ ಮಾಡುವ ಕೆಲಸ ಮುಖ್ಯವಾಗಿ ಎರಡು. ಒಂದು ಮಾಡೆಲಿಂಗ್, ಅಂದರೆ ಕಟ್ಟಡವನ್ನು ಮೂರು ಆಯಾಮಗಳಲ್ಲಿ ಕಟ್ಟುವುದು. ಇನ್ನೊಂದು ರೆಂಡರಿಂಗ್, ಅಂದರೆ ಹಾಗೆ ಕಟ್ಟಿದ ಮಾದರಿಯ ಮೇಲೆ ಬೆಳಕು, ನೆರಳು, ಕಲ್ಲು, ಮರ, ಗಾಜುಗಳ ಗುಣವನ್ನು ಲೆಕ್ಕಹಾಕಿ ಛಾಯಾಚಿತ್ರದಂತಹ ದೃಶ್ಯವನ್ನು ಪಡೆಯುವುದು. ಎರಡೂ ಒಂದೇ ಯಂತ್ರದಲ್ಲಿ ನಡೆದರೂ ಅವುಗಳ ಹೊರೆ ಬೇರೆ ಬೇರೆ.

ಕಟ್ಟಡದ ನಿವೇಶನವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತಳಪಾಯವಿಲ್ಲದೆ ಗೋಡೆ ಏಳದು, ಗೋಡೆ ಏಳದೆ ತಾರಸಿ ಬಾರದು. ನೂರು ಜನ ಗಾರೆ ಕೆಲಸದವರು ನಿಂತಿದ್ದರೂ ಒಂದರ ನಂತರ ಒಂದು ನಡೆಯಬೇಕಾದ ಕೆಲಸ ಬೇಗ ಮುಗಿಯದು. ಮಾಡೆಲಿಂಗ್ ಇಂತಹುದು. ಒಂದು ಗೋಡೆಯನ್ನು ಸರಿಸಿದರೆ ಅದರಲ್ಲಿರುವ ಬಾಗಿಲು ಸರಿಯಬೇಕು, ಬಾಗಿಲು ಸರಿದ ಮೇಲೆ ಕೋಣೆಯ ವಿಸ್ತೀರ್ಣ ಬದಲಾಗಬೇಕು, ಅದರ ನಂತರ ಪಟ್ಟಿಯ ಲೆಕ್ಕ ತಿದ್ದುಪಡಿಯಾಗಬೇಕು. ಆದ್ದರಿಂದ ಸ್ಕೆಚ್‌ಅಪ್, ರೆವಿಟ್, ಆಟೋಕ್ಯಾಡ್‌ನಂತಹ ತಂತ್ರಾಂಶಗಳ ದಿನನಿತ್ಯದ ಕೆಲಸದಲ್ಲಿ ಪ್ರೊಸೆಸರ್‌ನ ಒಂದು ಕೋರ್ ಎಷ್ಟು ವೇಗವಾಗಿದೆ ಎಂಬುದೇ ಮುಖ್ಯ. ಕೋರ್‌ಗಳ ಸಂಖ್ಯೆಯಿಂದ ಆಗುವ ಲಾಭ ಸೀಮಿತ.

ಬಣ್ಣ ಬಳಿಯುವ ಕೆಲಸ ಹಾಗಲ್ಲ. ಹತ್ತು ಕೋಣೆಗೆ ಹತ್ತು ಜನ ಬಂದರೆ ಹತ್ತೂ ಕೋಣೆಯ ಕೆಲಸ ಏಕಕಾಲಕ್ಕೆ ಮುಗಿಯುತ್ತದೆ. ರೆಂಡರಿಂಗ್ ಈ ಜಾತಿಗೆ ಸೇರಿದ್ದು. ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕಿನ ಲೆಕ್ಕವನ್ನೂ ಇತರ ಬಿಂದುಗಳಿಗೆ ಕಾಯದೆ ಮಾಡಬಹುದು. ಆದ್ದರಿಂದಲೇ ಇಲ್ಲಿ ಹೆಚ್ಚು ಕೋರ್‌ಗಳಿರುವ ಪ್ರೊಸೆಸರ್‌ಗೆ ಬೆಲೆ, ಸಾವಿರಾರು ಪುಟ್ಟ ಕೋರ್‌ಗಳಿರುವ ಗ್ರಾಫಿಕ್ಸ್ ಕಾರ್ಡ್‌ಗೆ ಇನ್ನೂ ಹೆಚ್ಚು ಬೆಲೆ.

ಈ ಹೊರೆಯ ಗಾತ್ರವನ್ನು ಸರಳ ಗುಣಾಕಾರದಿಂದ ತಿಳಿಯಬಹುದು. ಮನೆಯೊಳಗೆ ನಡೆದಾಡಿದಂತೆ ತೋರಿಸುವ 30 ಸೆಕೆಂಡುಗಳ ಚಲನಚಿತ್ರಕ್ಕೆ, ಸೆಕೆಂಡಿಗೆ 30 ಚಿತ್ರಗಳಂತೆ, 900 ಚಿತ್ರಗಳು ಬೇಕು. ಒಂದು ಚಿತ್ರಕ್ಕೆ ಒಂದು ನಿಮಿಷ ಹಿಡಿದರೆ ಒಟ್ಟು 15 ಗಂಟೆ. ಅರ್ಧ ನಿಮಿಷ ಹಿಡಿದರೆ ಏಳೂವರೆ ಗಂಟೆ. ಮೊದಲನೆಯದು ಸಂಜೆ ಆರಕ್ಕೆ ಶುರುವಾದರೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯುತ್ತದೆ, ಎರಡನೆಯದು ನಡುರಾತ್ರಿ ಕಳೆದು ಒಂದೂವರೆಗೆ. ಬೆಳಿಗ್ಗೆ ಹತ್ತಕ್ಕೆ ಸಲ್ಲಿಕೆ ಇರುವ ವಿದ್ಯಾರ್ಥಿಗೆ ಈ ಅಂತರ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ.

ಮೊದಲು ತಂತ್ರಾಂಶ, ಅನಂತರ ಯಂತ್ರ

ರೆಂಡರಿಂಗ್ ತಂತ್ರಾಂಶಗಳೆಲ್ಲ ಒಂದೇ ಭಾಗವನ್ನು ದುಡಿಸುವುದಿಲ್ಲ. ಕರೋನಾ ಎಂಬ ಹೆಸರಿನ ರೆಂಡರಿಂಗ್ ತಂತ್ರಾಂಶ ಪೂರ್ಣವಾಗಿ ಪ್ರೊಸೆಸರ್ ಮೇಲೆ ನಡೆಯುತ್ತದೆ. ಅದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಟ್ಟರೆ ಚಿತ್ರ ಬೇಗ ಬರದು. ಲುಮಿಯಾನ್, ಎನ್‌ಸ್ಕೇಪ್, ಡಿ5, ಟ್ವಿನ್‌ಮೋಷನ್‌ಗಳು ಗ್ರಾಫಿಕ್ಸ್ ಕಾರ್ಡ್ ಅನ್ನೇ ನೆಚ್ಚಿಕೊಂಡಿವೆ. ಇವುಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಕೊಟ್ಟರೆ ಕೆಲಸ ಕುಂಟುತ್ತದೆ, ಕೆಲವು ತೆರೆದುಕೊಳ್ಳುವುದೂ ಇಲ್ಲ. ವಿ-ರೇ ಎರಡೂ ಬಗೆಯಲ್ಲಿ ನಡೆಯಬಲ್ಲದು. ಉಚಿತವಾಗಿ ದೊರೆಯುವ ಬ್ಲೆಂಡರ್‌ನ ಸೈಕಲ್ಸ್ ಕೂಡ ಹಾಗೆಯೇ.

ಮಾಡೆಲಿಂಗ್ ತಂತ್ರಾಂಶಗಳ ವಿಷಯದಲ್ಲಿ ಗಮನಿಸಬೇಕಾದ್ದು ಅವು ಯಾವ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ನಡೆಯುತ್ತವೆ ಎಂಬುದು. ರೆವಿಟ್ ಮತ್ತು 3ಡಿಎಸ್ ಮ್ಯಾಕ್ಸ್ ವಿಂಡೋಸ್‌ಗೆ ಮಾತ್ರ ಲಭ್ಯ. ಲುಮಿಯಾನ್‌ನ ಮುಖ್ಯ ಆವೃತ್ತಿಯೂ ವಿಂಡೋಸ್‌ನದೇ. ಸ್ಕೆಚ್‌ಅಪ್, ಆರ್ಕಿಕ್ಯಾಡ್, ರೈನೋ, ಆಟೋಕ್ಯಾಡ್, ಬ್ಲೆಂಡರ್ ಮತ್ತು ಟ್ವಿನ್‌ಮೋಷನ್ ವಿಂಡೋಸ್ ಹಾಗೂ ಆ್ಯಪಲ್ ಮ್ಯಾಕ್ ಎರಡರಲ್ಲೂ ನಡೆಯುತ್ತವೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಮೊದಲ ಕೆಲಸ, ಕಾಲೇಜಿನಲ್ಲಿ ಎರಡನೆಯ ಮತ್ತು ಮೂರನೆಯ ವರ್ಷದವರು ಯಾವ ತಂತ್ರಾಂಶ ಬಳಸುತ್ತಾರೆ ಎಂದು ವಿಚಾರಿಸಿ ಒಂದು ಕಾಗದದ ಮೇಲೆ ಬರೆದುಕೊಳ್ಳುವುದು. ಕಚೇರಿಗಳಾದರೆ ಈಗಾಗಲೇ ಬಳಕೆಯಲ್ಲಿರುವ ತಂತ್ರಾಂಶದ ಪಟ್ಟಿ ಸಿದ್ಧವಿರುತ್ತದೆ. ಪ್ರತಿ ತಂತ್ರಾಂಶದ ತಯಾರಕರೂ ಕನಿಷ್ಠ ಮತ್ತು ಶಿಫಾರಸಿನ ಯಂತ್ರಾಂಶ ಯಾವುದೆಂದು ಪ್ರಕಟಿಸಿರುತ್ತಾರೆ. ಕನಿಷ್ಠ ಎಂಬ ಸಾಲನ್ನು ಬಿಟ್ಟು ಶಿಫಾರಸಿನ ಸಾಲನ್ನು ನೋಡುವುದು ಕ್ಷೇಮ. ‘ಕನಿಷ್ಠ’ ಎಂದರೆ ತಂತ್ರಾಂಶ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಕೆಲಸ ಸರಾಗವಾಗಿ ಸಾಗುತ್ತದೆ ಎಂದಲ್ಲ.

ಪ್ರೊಸೆಸರ್: ಸಂಖ್ಯೆಗಿಂತ ಕೊನೆಯ ಅಕ್ಷರ ಮುಖ್ಯ

‘ಐ7 ಇದೆ’ ಎಂಬ ಮಾತಿಗೆ ಗ್ರಾಹಕರು ಮರುಳಾಗುವುದು ಸಾಮಾನ್ಯ. ಆದರೆ ಐ7 ಎಂಬುದು ಒಂದು ಕುಟುಂಬದ ಹೆಸರು. ಅದರೊಳಗಿನ ಸದಸ್ಯರ ಶಕ್ತಿಯಲ್ಲಿ ಬಹಳ ಅಂತರವಿದೆ. ಇಂಟೆಲ್‌ನ 13ನೇ ಪೀಳಿಗೆಯ ಐ7-1355ಯು ಪ್ರೊಸೆಸರ್‌ನಲ್ಲಿ ವೇಗದ ಕೋರ್‌ಗಳು ಎರಡು, ಮಿತವ್ಯಯದ ಕೋರ್‌ಗಳು ಎಂಟು. ಅದರ ಮೂಲ ವಿದ್ಯುತ್ ಮಿತಿ 15 ವಾಟ್. ಅದೇ ಪೀಳಿಗೆಯ ಐ7-13700ಎಚ್‌ನಲ್ಲಿ ವೇಗದ ಕೋರ್‌ಗಳು ಆರು, ಮಿತವ್ಯಯದವು ಎಂಟು. ಮೂಲ ವಿದ್ಯುತ್ ಮಿತಿ 45 ವಾಟ್. ಎರಡರ ಮೇಲೂ ಐ7 ಎಂಬ ಚೀಟಿಯೇ ಇರುತ್ತದೆ. ಆದರೆ ಗಂಟೆಗಟ್ಟಲೆ ನಡೆಯುವ ರೆಂಡರಿಂಗ್‌ಗೆ ಮೊದಲನೆಯದು ಹೇಳಿ ಮಾಡಿಸಿದ್ದಲ್ಲ.

ಸರಳವಾಗಿ ಹೇಳುವುದಾದರೆ, ಹೆಸರಿನ ಕೊನೆಯಲ್ಲಿ ‘ಯು’ ಇದ್ದರೆ ಅದು ಹಗುರ ಕೆಲಸಕ್ಕೆ, ಹೆಚ್ಚು ಹೊತ್ತಿನ ಬ್ಯಾಟರಿಗೆ. ‘ಎಚ್’, ‘ಎಚ್ಎಕ್ಸ್’ ಅಥವಾ ಎಎಂಡಿ ರೈಜನ್‌ನಲ್ಲಿ ‘ಎಚ್ಎಸ್’ ಇದ್ದರೆ ಭಾರದ ಕೆಲಸಕ್ಕೆ. ಇಂಟೆಲ್ ಇತ್ತೀಚಿನ ವರ್ಷಗಳಲ್ಲಿ ‘ಕೋರ್ ಅಲ್ಟ್ರಾ’ ಎಂಬ ಹೊಸ ಹೆಸರನ್ನು ತಂದಿದ್ದರೂ ಕೊನೆಯ ಅಕ್ಷರದ ಈ ಸೂಚನೆ ಉಳಿದುಕೊಂಡಿದೆ. ಗ್ರಾಫಿಕ್ಸ್ ಕಾರ್ಡ್ ನೆಚ್ಚಿಕೊಂಡ ತಂತ್ರಾಂಶ ಬಳಸುವವರು ಮಧ್ಯಮ ದರ್ಜೆಯ ‘ಎಚ್’ ಪ್ರೊಸೆಸರ್‌ಗೆ ತೃಪ್ತಿಪಟ್ಟು, ಉಳಿದ ಹಣವನ್ನು ಮೆಮೊರಿಗೂ ಕಾರ್ಡ್‌ಗೂ ಹಾಕುವುದು ಜಾಣತನ. ಕರೋನಾ ಅಥವಾ ಪ್ರೊಸೆಸರ್ ಬಗೆಯ ವಿ-ರೇ ಬಳಸುವವರು ಇದಕ್ಕೆ ತದ್ವಿರುದ್ಧವಾಗಿ ಆಲೋಚಿಸಬೇಕು.

ಈಚೆಗೆ ‘ಎಐ ಲ್ಯಾಪ್‌ಟಾಪ್’ ಎಂಬ ಜಾಹೀರಾತು ಎಲ್ಲೆಡೆ ಕಾಣುತ್ತಿದೆ. ಇವುಗಳಲ್ಲಿರುವ ಎನ್‌ಪಿಯು ಎಂಬ ಪ್ರತ್ಯೇಕ ಭಾಗ ವಾಸ್ತುಶಿಲ್ಪದ ರೆಂಡರಿಂಗ್ ಅನ್ನು ವೇಗಗೊಳಿಸುವುದಿಲ್ಲ. 2024ರಿಂದ ಮಾರುಕಟ್ಟೆಗೆ ಬಂದ ಸ್ನಾಪ್‌ಡ್ರಾಗನ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು ತೆಳುವಾಗಿವೆ, ಬ್ಯಾಟರಿಯೂ ಬಹಳ ಹೊತ್ತು ಬರುತ್ತದೆ. ಆದರೆ ಅವುಗಳ ಒಳರಚನೆ ಇಂಟೆಲ್ ಮತ್ತು ಎಎಂಡಿಗಿಂತ ಭಿನ್ನ. ಬೇಕಾದ ತಂತ್ರಾಂಶಕ್ಕೆ ಅದರ ತಯಾರಕರ ಬೆಂಬಲ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಇವನ್ನು ಕೊಳ್ಳಬಾರದು.

ಗ್ರಾಫಿಕ್ಸ್ ಕಾರ್ಡ್: ಹೆಸರು ಒಂದೇ, ಶಕ್ತಿ ಬೇರೆ

ಗ್ರಾಹಕರು ಹೆಚ್ಚು ಮೋಸಹೋಗುವುದು ಇಲ್ಲಿ. ಎನ್‌ವಿಡಿಯಾ ಪ್ರಕಟಿಸಿರುವ ವಿವರದಂತೆ ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಕಾರ್ಡ್ 35 ವಾಟ್‌ನಿಂದ 115 ವಾಟ್‌ವರೆಗಿನ ಯಾವುದೇ ವಿದ್ಯುತ್ ಮಿತಿಯಲ್ಲಿ ಕೆಲಸ ಮಾಡಬಹುದು. ಆ ಮಿತಿಯನ್ನು ನಿರ್ಧರಿಸುವವರು ಲ್ಯಾಪ್‌ಟಾಪ್ ತಯಾರಕರು. ತೆಳುವಾದ ಯಂತ್ರದಲ್ಲಿ ಶಾಖ ಹೊರಹಾಕಲು ಜಾಗವಿಲ್ಲದ ಕಾರಣ ಮಿತಿಯನ್ನು ಕೆಳಗಿಡುತ್ತಾರೆ, ದಪ್ಪ ಯಂತ್ರದಲ್ಲಿ ಮೇಲಿಡುತ್ತಾರೆ. ಡಬ್ಬದ ಮೇಲೆ ಮಾತ್ರ ಎರಡಕ್ಕೂ ಒಂದೇ ಹೆಸರು. ಹೀಗಾಗಿ ಕೆಳದರ್ಜೆಯ ಕಾರ್ಡ್ ಪೂರ್ಣ ಶಕ್ತಿಯಲ್ಲಿ ನಡೆಯುವ ದಪ್ಪ ಯಂತ್ರವೊಂದು, ಮೇಲ್ದರ್ಜೆಯ ಕಾರ್ಡ್ ಅನ್ನು ಉಸಿರುಗಟ್ಟಿಸಿ ಇಟ್ಟಿರುವ ತೆಳು ಯಂತ್ರದ ಸಮಕ್ಕೆ ಬಂದು ನಿಲ್ಲುವುದುಂಟು. ‘ಈ ಮಾದರಿಯಲ್ಲಿ ಕಾರ್ಡ್‌ನ ವಾಟ್ ಮಿತಿ ಎಷ್ಟು?’ ಎಂಬುದು ಕೇಳಲೇಬೇಕಾದ ಪ್ರಶ್ನೆ. ತಯಾರಕರ ಜಾಲತಾಣದ ವಿವರಪಟ್ಟಿಯಲ್ಲಿ ಇದು ಟಿಜಿಪಿ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಇರುತ್ತದೆ.

ಡೆಸ್ಕ್‌ಟಾಪ್ ಕಾರ್ಡ್‌ನ ಹೆಸರನ್ನೇ ಲ್ಯಾಪ್‌ಟಾಪ್ ಕಾರ್ಡ್‌ಗೂ ಇಡುವುದು ಇನ್ನೊಂದು ಗೊಂದಲ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4070ರಲ್ಲಿ 5,888 ಕೋರ್‌ಗಳೂ 12 ಜಿಬಿ ಮೆಮೊರಿಯೂ ಇದ್ದರೆ, ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4070ರಲ್ಲಿ 4,608 ಕೋರ್‌ಗಳು ಮತ್ತು 8 ಜಿಬಿ ಮೆಮೊರಿ ಮಾತ್ರ. ಅಂತರ್ಜಾಲದಲ್ಲಿ ಡೆಸ್ಕ್‌ಟಾಪ್ ಕಾರ್ಡ್‌ನ ಪರೀಕ್ಷಾ ಫಲಿತಾಂಶ ನೋಡಿ ಲ್ಯಾಪ್‌ಟಾಪ್ ಕೊಂಡವರಿಗೆ ನಿರಾಸೆ ಖಚಿತ.

ಕಾರ್ಡ್‌ನ ಸ್ವಂತ ಮೆಮೊರಿಯಾದ ವಿ-ರ‍್ಯಾಮ್ ವೇಗಕ್ಕಿಂತಲೂ ಮಹತ್ವದ್ದು. ವೇಗ ಕಡಿಮೆಯಾದರೆ ಚಿತ್ರ ತಡವಾಗಿ ಬರುತ್ತದೆ. ವಿ-ರ‍್ಯಾಮ್ ಸಾಲದಿದ್ದರೆ ಚಿತ್ರವೇ ಬಾರದೆ ಹೋಗಬಹುದು, ಇಲ್ಲವೇ ವೇಗ ದಿಢೀರನೆ ಕುಸಿಯಬಹುದು. ಏಕೆಂದರೆ ಮಾದರಿಯ ಆಕಾರ, ಗಿಡಮರಗಳು, ನೆಲಹಾಸಿನ ಚಿತ್ರ ಎಲ್ಲವೂ ಆ ಮೆಮೊರಿಯಲ್ಲಿ ಹಿಡಿಸಬೇಕು. 4,096 ಬಿಂದು ಅಗಲ, ಅಷ್ಟೇ ಎತ್ತರದ ಒಂದು ನೆಲಹಾಸಿನ ಚಿತ್ರ ಸಂಕುಚನವಿಲ್ಲದೆ 64 ಎಂಬಿ ಜಾಗ ತೆಗೆದುಕೊಳ್ಳುತ್ತದೆ. ಬಣ್ಣ, ಉಬ್ಬುತಗ್ಗು, ಹೊಳಪು, ಒರಟುತನ ಎಂದು ಒಂದೇ ವಸ್ತುವಿಗೆ ನಾಲ್ಕು ಚಿತ್ರ ಬಳಸಿದರೆ 256 ಎಂಬಿ. ತಂತ್ರಾಂಶಗಳು ಇದನ್ನು ಕುಗ್ಗಿಸಿ ಇಡುತ್ತವೆಯಾದರೂ, ಹತ್ತಾರು ವಸ್ತುಗಳು ಮತ್ತು ಒಂದು ಉದ್ಯಾನ ಸೇರಿದರೆ 4 ಜಿಬಿ ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ಊಹಿಸಬಹುದು.

ಗ್ರಾಫಿಕ್ಸ್ ಕಾರ್ಡ್ ಮೇಲೆ ನಡೆಯುವ ರೆಂಡರಿಂಗ್‌ಗೆ 6 ಜಿಬಿ ಆರಂಭದ ಮೆಟ್ಟಿಲು, 8 ಜಿಬಿ ನೆಮ್ಮದಿಯ ಮೆಟ್ಟಿಲು ಎಂದು ತಿಳಿಯಬಹುದು. ದೊಡ್ಡ ಬಡಾವಣೆ, ದಟ್ಟ ಹಸಿರಿನ ದೃಶ್ಯಗಳನ್ನು ವೃತ್ತಿಯಾಗಿ ಮಾಡುವವರಿಗೆ 12 ಜಿಬಿ ಅಥವಾ ಹೆಚ್ಚು ಬೇಕು. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4050ರಲ್ಲಿ 6 ಜಿಬಿ, 4060 ಮತ್ತು 4070 ಎರಡರಲ್ಲೂ 8 ಜಿಬಿ. 2025ರಲ್ಲಿ ಬಿಡುಗಡೆಯಾದಾಗ 5060 ಮತ್ತು 5070 ಲ್ಯಾಪ್‌ಟಾಪ್ ಕಾರ್ಡ್‌ಗಳೂ 8 ಜಿಬಿಯನ್ನೇ ಹೊಂದಿದ್ದವು, 12 ಜಿಬಿ ಬೇಕಿದ್ದರೆ 5070 ಟಿಐಗೆ ಹೋಗಬೇಕಿತ್ತು. ಅಂದರೆ 60ರ ದರ್ಜೆಯಿಂದ 70ರ ದರ್ಜೆಗೆ ಹೆಚ್ಚು ಹಣ ಕೊಟ್ಟಾಗ ಸಿಗುವುದು ಸ್ವಲ್ಪ ವೇಗ, ಹೆಚ್ಚಿನ ಮೆಮೊರಿಯಲ್ಲ. ಮಧ್ಯಮ ವರ್ಗದ ಕೊಳ್ಳುಗರು 60ರ ದರ್ಜೆಯಲ್ಲಿಯೇ ನಿಲ್ಲುವುದಕ್ಕೆ ಇದು ಬಲವಾದ ಕಾರಣ.

ಕ್ಯಾಡ್ ಕೆಲಸಕ್ಕೆಂದೇ ಪ್ರಮಾಣೀಕರಿಸಿದ ‘ವರ್ಕ್‌ಸ್ಟೇಷನ್’ ಲ್ಯಾಪ್‌ಟಾಪ್‌ಗಳೂ ಇವೆ. ಎಚ್‌ಪಿ ಜೆಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ ಸರಣಿ ಇದಕ್ಕೆ ಉದಾಹರಣೆ. ತಂತ್ರಾಂಶ ತಯಾರಕರು ಪರೀಕ್ಷಿಸಿ ಒಪ್ಪಿದ ಚಾಲಕ ತಂತ್ರಾಂಶ ಇವುಗಳ ವಿಶೇಷ. ದೊಡ್ಡ ಸಂಸ್ಥೆಗಳಿಗೆ ಇದು ಉಪಯುಕ್ತ. ವಿದ್ಯಾರ್ಥಿಗಳಿಗೆ ಅದೇ ಬೆಲೆಯಲ್ಲಿ ಗೇಮಿಂಗ್ ಯಂತ್ರ ಹೆಚ್ಚು ಕೆಲಸ ಮಾಡಿಕೊಡುತ್ತದೆ. ಗೇಮಿಂಗ್ ಕಾರ್ಡ್‌ಗಳಿಗೂ ಎನ್‌ವಿಡಿಯಾ ‘ಸ್ಟುಡಿಯೋ’ ಎಂಬ ಸ್ಥಿರವಾದ ಚಾಲಕ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ.

ರ‍್ಯಾಮ್: ಬೆಸುಗೆ ಹಾಕಿದ್ದೇ, ಬದಲಿಸಬಹುದೇ?

ಇಂದು ಈ ಕೆಲಸಕ್ಕೆ 16 ಜಿಬಿ ರ‍್ಯಾಮ್ ಆರಂಭದ ಅಗತ್ಯ, 32 ಜಿಬಿ ಸೂಕ್ತ. ರೆವಿಟ್, ಸ್ಕೆಚ್‌ಅಪ್, ಫೋಟೋಶಾಪ್ ಮತ್ತು ಬ್ರೌಸರ್‌ನ ಇಪ್ಪತ್ತು ಪುಟಗಳನ್ನು ಒಟ್ಟಿಗೆ ತೆರೆದಿಡುವುದು ವಿದ್ಯಾರ್ಥಿಗಳ ಸಹಜ ಅಭ್ಯಾಸ. ರ‍್ಯಾಮ್ ತುಂಬಿದಾಗ ಯಂತ್ರ ಎಸ್ಎಸ್‌ಡಿಯನ್ನೇ ರ‍್ಯಾಮ್‌ನಂತೆ ಬಳಸಲು ತೊಡಗುತ್ತದೆ, ಎಲ್ಲವೂ ನಿಧಾನವಾಗುತ್ತದೆ.

ಆದರೆ ಮೊದಲ ದಿನವೇ 32 ಜಿಬಿಗೆ ಹಣ ತೆರಬೇಕಾಗಿಲ್ಲ. ಒಳಗೆ ಎರಡು ರ‍್ಯಾಮ್ ಕಿಂಡಿಗಳಿದ್ದು, ಬದಲಿಸಬಲ್ಲ ಮಾದರಿಯಾದರೆ 16 ಜಿಬಿಯೊಂದಿಗೆ ಕೊಂಡು ಮೂರನೆಯ ವರ್ಷದಲ್ಲಿ ಹೆಚ್ಚಿಸಿಕೊಳ್ಳಬಹುದು. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿರುತ್ತಾರೆ. ಅಂತಹದರಲ್ಲಿ 16 ಜಿಬಿ ಕೊಂಡರೆ ಐದು ವರ್ಷವೂ 16 ಜಿಬಿಯೇ. ಈ ಒಂದು ಅಂಶವನ್ನು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಅತ್ಯವಶ್ಯ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿದ್ದನ್ನೂ ಇಲ್ಲಿ ನೆನೆಯಬಹುದು. ಮುಂದೆ ಹೆಚ್ಚಿಸಿಕೊಳ್ಳುವ ಯೋಜನೆ ಇರುವವರು ಎರಡೂ ಕಾಲದ ಬೆಲೆಯನ್ನು ತೂಗಿ ನೋಡಬೇಕು. ಒಂದೇ 16 ಜಿಬಿ ತುಂಡಿಗಿಂತ ಎರಡು 8 ಜಿಬಿ ತುಂಡುಗಳು ವೇಗವಾಗಿ ಕೆಲಸ ಮಾಡುತ್ತವೆಯಾದರೂ, ಮುಂದೆ ಹೆಚ್ಚಿಸುವವರಿಗೆ ಒಂದು ಕಿಂಡಿ ಖಾಲಿ ಇರುವುದು ಲಾಭಕರ.

ಸಂಗ್ರಹಕ್ಕೆ 512 ಜಿಬಿ ಎಸ್ಎಸ್‌ಡಿ ಸಾಲದೆ ಬರುತ್ತದೆ, 1 ಟಿಬಿ ಇದ್ದರೆ ಅನುಕೂಲ. ಇದನ್ನೂ ಹೆಚ್ಚಿನ ಮಾದರಿಗಳಲ್ಲಿ ಮುಂದೆ ಸೇರಿಸಿಕೊಳ್ಳಬಹುದು. ಬೇರೊಂದು ಡಿಸ್ಕ್‌ನಲ್ಲಿ ಕೆಲಸದ ಪ್ರತಿ ಇಟ್ಟುಕೊಳ್ಳುವುದಕ್ಕೆ ಸ್ವಲ್ಪ ಹಣ ತೆಗೆದಿಡುವುದು ಮರೆಯಬಾರದು.

ಶಾಖ ಮತ್ತು ವಿದ್ಯುತ್

ಪ್ರೊಸೆಸರ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಮ್ಮನ್ನು ತಾವು ರಕ್ಷಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಕೋಣೆಯ ಗಾಳಿ ಬಿಸಿಯಾದಷ್ಟೂ ಈ ಹಂತ ಬೇಗ ಬರುತ್ತದೆ. ಕಲಬುರಗಿ, ರಾಯಚೂರು ಭಾಗದಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುತ್ತದೆ. ಫ್ಯಾನಿನ ಕೆಳಗೆ ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಅಲ್ಲಿ ಬೆಂಗಳೂರಿನಲ್ಲಿ ಕೊಟ್ಟ ವೇಗವನ್ನು ಕೊಡದಿದ್ದರೆ ಅಚ್ಚರಿಯಿಲ್ಲ. ಗಾಳಿಯ ಕಿಂಡಿ ಮುಚ್ಚದಂತೆ ಗಟ್ಟಿ ಮೇಜಿನ ಮೇಲಿಡುವುದು, ವರ್ಷಕ್ಕೊಮ್ಮೆ ಒಳಗಿನ ಧೂಳು ತೆಗೆಸುವುದು ಕಾಸಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಸಿಗುವ ವೇಗ.

ಬ್ಯಾಟರಿಯ ಮೇಲೆ ರೆಂಡರಿಂಗ್ ಮಾಡುವ ಯೋಚನೆಯನ್ನು ಬಿಡುವುದೇ ಒಳ್ಳೆಯದು. ಪ್ಲಗ್ ತೆಗೆದ ಕೂಡಲೇ ಗ್ರಾಫಿಕ್ಸ್ ಕಾರ್ಡ್‌ನ ಶಕ್ತಿ ಗಣನೀಯವಾಗಿ ಇಳಿಯುತ್ತದೆ. ಕರೆಂಟು ಹೋಗುವ ಊರುಗಳಲ್ಲಿ ಇರುವವರು ಮನೆಯ ಯುಪಿಎಸ್‌ಗೆ ಈ ಹೊರೆ ತಾಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಂತಹ ಲ್ಯಾಪ್‌ಟಾಪ್‌ಗಳ ಅಡಾಪ್ಟರ್ 150ರಿಂದ 330 ವಾಟ್‌ವರೆಗೆ ಇರುತ್ತದೆ. ವಿದ್ಯುತ್ ಬಿಲ್ಲಿನ ಭಯ ಬೇಡ. 150 ವಾಟ್‌ನಂತೆ 15 ಗಂಟೆ ನಡೆದರೂ ಖರ್ಚಾಗುವುದು ಎರಡೂಕಾಲು ಯೂನಿಟ್.

ಪರದೆಯ ಬಣ್ಣ

ಪರದೆಯ ಮೇಲೆ ಕೆಂಪು ಇಟ್ಟಿಗೆಯಂತೆ ಕಂಡದ್ದು ಮುದ್ರಣದಲ್ಲಿ ಬೇರೆಯೇ ಬಣ್ಣಕ್ಕೆ ತಿರುಗಿದೆ ಎಂಬ ದೂರು ವಾಸ್ತುಶಿಲ್ಪ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿರುವ ಪರದೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಶ್ರೇಣಿಯ ಮೂರನೆ ಎರಡು ಭಾಗಕ್ಕಿಂತಲೂ ಕಡಿಮೆ ತೋರಿಸುತ್ತದೆ. ‘100% ಎಸ್‌ಆರ್‌ಜಿಬಿ’ ಅಥವಾ ‘72% ಎನ್‌ಟಿಎಸ್‌ಸಿ’ ಎಂದಿರುವ ಪರದೆಯನ್ನು ಆರಿಸಬೇಕು. ಸೆಕೆಂಡಿಗೆ 144 ಅಥವಾ 165 ಬಾರಿ ಬದಲಾಗುವ ಪರದೆ ಆಟಕ್ಕೆ ಬೇಕೇ ಹೊರತು ಈ ಕೆಲಸಕ್ಕಲ್ಲ. ಮನೆಯಲ್ಲಿ ಕುಳಿತೇ ಹೆಚ್ಚು ಕೆಲಸ ಮಾಡುವವರಿಗೆ ಹೊರಗಿನ ದೊಡ್ಡ ಮಾನಿಟರ್ ಕೊಳ್ಳುವುದು ಲ್ಯಾಪ್‌ಟಾಪ್‌ನ ದರ್ಜೆ ಏರಿಸುವುದಕ್ಕಿಂತ ಹೆಚ್ಚು ಉಪಕಾರಿ.

ಚಿತ್ರದ ಅಳತೆಯ ವಿಷಯದಲ್ಲೂ ಅನವಶ್ಯಕ ಹೊರೆ ಹೊರುವುದುಂಟು. ಎ1 ಹಾಳೆಯ ತುಂಬ ಒಂದೇ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ತೆಗೆದರೆ ಸುಮಾರು 7 ಕೋಟಿ ಬಿಂದುಗಳನ್ನು ಲೆಕ್ಕಹಾಕಬೇಕು. ಅಂಗುಲಕ್ಕೆ 150 ಬಿಂದು ಸಾಕೆಂದರೆ ಅದು ಒಂದೂಮುಕ್ಕಾಲು ಕೋಟಿಗೆ ಇಳಿಯುತ್ತದೆ, ಅಂದರೆ ಕಾಲು ಭಾಗ. ಗೋಡೆಗೆ ತೂಗುಹಾಕಿ ನಾಲ್ಕು ಅಡಿ ದೂರದಿಂದ ನೋಡುವ ಹಾಳೆಗೆ ಎರಡನೆಯದೇ ಸಾಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಮ್ಯಾಕ್ ಕೊಳ್ಳಬಹುದೇ?

ಆ್ಯಪಲ್ ಮ್ಯಾಕ್‌ಬುಕ್‌ಗಳ ಪರದೆ ಉತ್ತಮ, ಬ್ಯಾಟರಿ ಬಹುಕಾಲ ಬರುತ್ತದೆ, ಸದ್ದು ಕಡಿಮೆ. ಸ್ಕೆಚ್‌ಅಪ್, ಆರ್ಕಿಕ್ಯಾಡ್, ರೈನೋಗಳಿಗಷ್ಟೇ ಸೀಮಿತವಾದವರಿಗೆ ಅದು ಯೋಗ್ಯ ಆಯ್ಕೆ. ಆದರೆ ರೆವಿಟ್ ಅಥವಾ 3ಡಿಎಸ್ ಮ್ಯಾಕ್ಸ್ ಕಡ್ಡಾಯವಾಗಿರುವ ಕಾಲೇಜು, ಕಚೇರಿಗಳಿಗೆ ಮ್ಯಾಕ್ ಒಯ್ದರೆ ಪ್ರತಿ ಸೆಮಿಸ್ಟರ್‌ನಲ್ಲೂ ಪರದಾಟ ತಪ್ಪದು. 2020ರ ಕೊನೆಯಿಂದ ಆ್ಯಪಲ್ ತನ್ನದೇ ಎಂ ಸರಣಿಯ ಪ್ರೊಸೆಸರ್ ಬಳಸತೊಡಗಿದ ಮೇಲೆ ಆ ಯಂತ್ರಗಳಲ್ಲಿ ಹಿಂದಿನಂತೆ ಬೂಟ್ ಕ್ಯಾಂಪ್ ಮೂಲಕ ನೇರವಾಗಿ ವಿಂಡೋಸ್ ಅಳವಡಿಸಿಕೊಳ್ಳುವ ಸೌಲಭ್ಯವೂ ಇಲ್ಲವಾಗಿದೆ. ಮೆಮೊರಿಯನ್ನು ಮುಂದೆ ಹೆಚ್ಚಿಸಲಾಗದು ಎಂಬುದೂ ಗಮನಾರ್ಹ.

ಯಾವಾಗ ಕೊಳ್ಳಬೇಕು?

ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷ ಪೆನ್ಸಿಲ್, ಡ್ರಾಯಿಂಗ್ ಬೋರ್ಡ್ ಮತ್ತು ಕೈಯಿಂದ ಮಾಡುವ ಮಾದರಿಗಳಿಗೇ ಮೀಸಲು. ಪ್ರವೇಶದ ವಾರದಲ್ಲೇ ಆತುರದಿಂದ ಕೊಂಡ ದುಬಾರಿ ಯಂತ್ರ ಒಂದು ವರ್ಷ ಮೂಲೆಯಲ್ಲಿ ಕುಳಿತು, ಅಷ್ಟರಲ್ಲಿ ಖಾತರಿ ಅವಧಿಯ ಒಂದು ವರ್ಷವೂ ಕಳೆದಿರುತ್ತದೆ. ಮನೆಯಲ್ಲಿ ಇರುವ ಯಾವುದೋ ಯಂತ್ರದಲ್ಲಿ ಸ್ಕೆಚ್‌ಅಪ್ ಕಲಿಯುತ್ತ, ಎರಡನೆಯ ವರ್ಷದಲ್ಲಿ ಅಗತ್ಯ ಖಚಿತವಾದ ಮೇಲೆ ಕೊಂಡರೆ ಅದೇ ಹಣಕ್ಕೆ ಹೊಸ ಪೀಳಿಗೆಯ ಕಾರ್ಡ್ ಸಿಗುತ್ತದೆ, ಅಂತಿಮ ವರ್ಷದವರೆಗೆ ಯಂತ್ರ ಹಳತೂ ಆಗುವುದಿಲ್ಲ.

ಸಾಲ ಮಾಡಿ ಓದಿಸುವ ಪೋಷಕರು ತಿಳಿಯಬೇಕಾದ ಒಂದು ಸಂಗತಿಯಿದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯು ವ್ಯಾಸಂಗ ಮುಗಿಸಲು ಅಗತ್ಯವಾದ ಗಣಕಯಂತ್ರದ ಖರೀದಿಯನ್ನೂ ಸಾಲಕ್ಕೆ ಅರ್ಹವಾದ ವೆಚ್ಚಗಳಲ್ಲಿ ಸೇರಿಸಿದೆ. ಅಂಗಡಿಯ ಕಂತಿನ ಯೋಜನೆಗೆ ಸಹಿ ಹಾಕುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸುವುದು ಒಳಿತು. ಜಿಎಸ್‌ಟಿ ನೋಂದಣಿ ಇರುವ ವಾಸ್ತುಶಿಲ್ಪ ಕಚೇರಿಗಳು ಲ್ಯಾಪ್‌ಟಾಪ್ ಮೇಲಿನ ಶೇ 18ರ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಲು ತಮ್ಮ ನೋಂದಣಿ ಸಂಖ್ಯೆಯ ಬಿಲ್ ಕೇಳಿ ಪಡೆಯಬೇಕು.

ತಂತ್ರಾಂಶಕ್ಕೆ ವಿದ್ಯಾರ್ಥಿಗಳು ಹಣ ತೆರಬೇಕಾದ ಪ್ರಸಂಗ ಕಡಿಮೆ. ಆಟೋಡೆಸ್ಕ್ ಸಂಸ್ಥೆ ಆಟೋಕ್ಯಾಡ್, ರೆವಿಟ್, 3ಡಿಎಸ್ ಮ್ಯಾಕ್ಸ್‌ಗಳನ್ನು ಅರ್ಹ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೇ. ಟ್ವಿನ್‌ಮೋಷನ್ ವಿದ್ಯಾರ್ಥಿಗಳಿಗೆ ಉಚಿತ, ಬ್ಲೆಂಡರ್ ಎಲ್ಲರಿಗೂ ಉಚಿತ. ಕದ್ದ ಪ್ರತಿಯ ಜೊತೆ ವೈರಸ್ ತರಿಸಿಕೊಳ್ಳುವ ಅಗತ್ಯವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಒಂದು ದಿನಾಂಕವನ್ನು ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಇರಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಐದು ವರ್ಷದ ಓದಿಗೆ ತಕ್ಕುದಲ್ಲ.

ಇನ್ನು ಇಬ್ಬರು ಮೂವರು ಸೇರಿ ನಡೆಸುವ ಸಣ್ಣ ಕಚೇರಿಗಳು ಎಲ್ಲರಿಗೂ ಭಾರೀ ಲ್ಯಾಪ್‌ಟಾಪ್ ಕೊಡಿಸುವ ಬದಲು, ರೆಂಡರಿಂಗ್‌ಗೆಂದೇ ಒಂದು ಡೆಸ್ಕ್‌ಟಾಪ್ ಇಟ್ಟು ಉಳಿದವರಿಗೆ ಹಗುರ ಯಂತ್ರ ಕೊಡುವುದು ಲಾಭಕರ. ಅದೇ ಹೆಸರಿನ ಕಾರ್ಡ್ ಡೆಸ್ಕ್‌ಟಾಪ್‌ನಲ್ಲಿ ಹೆಚ್ಚು ವೇಗವಾಗಿ ನಡೆಯುತ್ತದೆ, ಕೆಟ್ಟರೆ ಬಿಡಿಭಾಗ ಬದಲಿಸಬಹುದು.

ಅಂಗಡಿಯಲ್ಲಿ ಹತ್ತು ನಿಮಿಷ

ಕೊಳ್ಳುವ ಮುನ್ನ ಪರೀಕ್ಷಿಸಲು ಅಂಗಡಿಯವರು ಅವಕಾಶ ಕೊಟ್ಟರೆ ಸಿನೆಬೆಂಚ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಬೇಕು. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ವೇಗ ಬಹಳ ಇಳಿದರೆ ಆ ಯಂತ್ರಕ್ಕೆ ಶಾಖ ತಾಳುವ ಶಕ್ತಿ ಕಡಿಮೆ ಎಂದರ್ಥ. ಗ್ರಾಫಿಕ್ಸ್ ಕಾರ್ಡ್‌ಗೆ ಬ್ಲೆಂಡರ್ ಮತ್ತು ವಿ-ರೇ ತಯಾರಕರು ಕೊಡುವ ಉಚಿತ ಪರೀಕ್ಷೆಗಳಿವೆ.

ಕೊಂಡ ಮೇಲೂ ನಿಧಾನವೆನಿಸಿದರೆ ತಕ್ಷಣ ದೂರು ಹೇಳುವ ಮುನ್ನ ಎರಡು ಸಂಗತಿ ನೋಡಬೇಕು. ವಿಂಡೋಸ್‌ನ ಗ್ರಾಫಿಕ್ಸ್ ಆಯ್ಕೆಗಳಲ್ಲಿ ಆ ತಂತ್ರಾಂಶಕ್ಕೆ ಹೆಚ್ಚು ಸಾಮರ್ಥ್ಯದ ಕಾರ್ಡ್ ನಿಗದಿಯಾಗಿದೆಯೇ? ಪ್ರತ್ಯೇಕ ಕಾರ್ಡ್ ಇದ್ದೂ ತಂತ್ರಾಂಶ ಪ್ರೊಸೆಸರ್ ಜೊತೆಗಿನ ಸಣ್ಣ ಗ್ರಾಫಿಕ್ಸ್‌ನಲ್ಲಿ ನಡೆಯುತ್ತಿರುವುದು ಅಪರೂಪವೇನಲ್ಲ. ಎರಡನೆಯದಾಗಿ, ಟಾಸ್ಕ್ ಮ್ಯಾನೇಜರ್ ತೆರೆದು ಕೆಲಸ ನಡೆಯುವಾಗ ಪ್ರೊಸೆಸರ್, ರ‍್ಯಾಮ್, ಕಾರ್ಡ್‌ನ ಮೆಮೊರಿ ಈ ಮೂರರಲ್ಲಿ ಯಾವುದು ತುಂಬಿ ತುಳುಕುತ್ತಿದೆ ಎಂದು ನೋಡಬೇಕು. ಹಳೆಯ ಯಂತ್ರ ಇರುವವರು ಹೊಸದನ್ನು ಕೊಳ್ಳುವ ಮುನ್ನವೂ ಇದೇ ಪರೀಕ್ಷೆ ಮಾಡಬಹುದು. ತುಂಬಿರುವುದು ರ‍್ಯಾಮ್ ಮಾತ್ರವಾದರೆ ಕೆಲವು ಸಾವಿರ ರೂಪಾಯಿಗಳ ರ‍್ಯಾಮ್‌ನಿಂದ ಲಕ್ಷದ ಖರ್ಚು ತಪ್ಪಬಹುದು.

ಒಟ್ಟಿನಲ್ಲಿ ಸ್ಕೆಚ್‌ಅಪ್ ಮತ್ತು ಆಟೋಕ್ಯಾಡ್‌ಗೆ ಸೀಮಿತವಾದವರಿಗೆ ವೇಗದ ‘ಎಚ್’ ಪ್ರೊಸೆಸರ್, 16 ಜಿಬಿ ರ‍್ಯಾಮ್ ಮತ್ತು ಸಾಧಾರಣ ಕಾರ್ಡ್ ಸಾಕು. ಎನ್‌ಸ್ಕೇಪ್, ಲುಮಿಯಾನ್, ಡಿ5 ಬಳಸುವವರು 8 ಜಿಬಿ ವಿ-ರ‍್ಯಾಮ್‌ನ, ಹೆಚ್ಚು ವಾಟ್‌ನ ಕಾರ್ಡ್‌ಗೆ ಆದ್ಯತೆ ಕೊಡಬೇಕು. ಕರೋನಾ ಬಳಸುವವರು ಹೆಚ್ಚು ಕೋರ್‌ಗಳ ಪ್ರೊಸೆಸರ್ ಮತ್ತು 32 ಜಿಬಿ ರ‍್ಯಾಮ್ ನೋಡಬೇಕು. ಮೂವರಿಗೂ ರ‍್ಯಾಮ್ ಹೆಚ್ಚಿಸಿಕೊಳ್ಳುವ ಅವಕಾಶ ಮತ್ತು ಬಣ್ಣ ಸರಿಯಾಗಿ ತೋರುವ ಪರದೆ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ವ್ಯವಹಾರಕ್ಕೂ ಸಲ್ಲುತ್ತದೆ. ಆದರೆ ಹಾಸಿಗೆಯನ್ನು ಅಳೆಯಬೇಕಾದದ್ದು ಅಂಗಡಿಯಲ್ಲಿ ಅಲ್ಲ, ಕಾಲೇಜಿನ ಸ್ಟುಡಿಯೋದಲ್ಲಿ.